ಕಾನ್ಫರೆನ್ಸಿಗೆ ವಿದೇಶಕ್ಕೇ ಹೋಗಬೇಕಾ? ಕಾಸರಗೋಡಿನಲ್ಲಿ ಕೂತು ಹಾಕಿದ ಲೆಕ್ಕ

ಕಳೆದ ಎರಡು ತಿಂಗಳಲ್ಲಿ ಮೂರು ಜನ ನನ್ನ ಹತ್ತಿರ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ನನ್ನ ಹಳೇ ವಿದ್ಯಾರ್ಥಿನಿ, ಈಗ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ತೆಂಗಿನ ಬುಡದ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ. ಇನ್ನೊಬ್ಬರು ಮಂಜೇಶ್ವರ ಕಡೆಯ ಕಾಲೇಜು ಮೇಷ್ಟ್ರು, ಪ್ರಮೋಷನ್ನಿನ ಲೆಕ್ಕಾಚಾರದಲ್ಲಿರುವವರು. ಮೂರನೆಯವನು ನನ್ನ ದೊಡ್ಡಮ್ಮನ ಮೊಮ್ಮಗ, ಬದಿಯಡ್ಕದ ಮನೆಯ ಜಗಲಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವವನು. ಮೂವರಿಗೂ ಹೊರದೇಶದ ಕಾನ್ಫರೆನ್ಸಿಗೆ ಹೋಗುವ ಅವಕಾಶ ಬಂದಿದೆ. ಹೋಗುವುದಾ ಬೇಡ್ವಾ? ಅಷ್ಟು ದುಡ್ಡು ಹಾಕಿದರೆ ಏನಾದರೂ ಉಪಯೋಗ ಉಂಟಾ?

ನಾನು ಕನ್ನಡ ಪಾಠ ಮಾಡುವವನು, ಭಾಷಾವಿಜ್ಞಾನದ ಹುಚ್ಚು ಸ್ವಲ್ಪ ಇದೆ. ಯುರೋಪಿಗೆ ಎರಡು ಸಲ ಪೇಪರ್ ಓದಲು ಹೋಗಿ ಬಂದಿದ್ದೇನೆ. ಒಂದು ಸಲದ್ದು ಇವತ್ತಿಗೂ ಫಲ ಕೊಡುತ್ತಿದೆ. ಇನ್ನೊಂದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತು. ಖರ್ಚು ಎರಡಕ್ಕೂ ಹತ್ತಿರ ಹತ್ತಿರ ಒಂದೇ. ವ್ಯತ್ಯಾಸ ಎಲ್ಲಿ ಆಯಿತು ಅಂತ ನನಗೇ ಗೊತ್ತಾಗಲು ಎರಡು ವರ್ಷ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತೇನೆ.

ನಮ್ಮ ಮುಂದೆ ಇರುವ ದಾರಿ ನಾಲ್ಕು. ದೂರದ ವಿದೇಶ, ಅಂದರೆ ಯುರೋಪು, ಅಮೆರಿಕ. ಹತ್ತಿರದ ವಿದೇಶ, ಅಂದರೆ ಕಠ್ಮಂಡು, ಕೊಲಂಬೊ, ಕೌಲಾಲಂಪುರದಂಥ ಊರುಗಳು. ನಮ್ಮ ದೇಶದಲ್ಲೇ ನಡೆಯುವ ಸಮ್ಮೇಳನ. ಕೊನೆಗೆ ಮನೆಯಲ್ಲೇ ಕೂತು ಆನ್‌ಲೈನ್.

ಇದರಲ್ಲಿ ಒಂದನ್ನು ಆರಿಸುವ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ಎಂತಕ್ಕೆ ಹೋಗುವುದು: ಕೆಲಸ ಹುಡುಕಲಿಕ್ಕಾ, ಪ್ರಮೋಷನ್ನಿನ ಅಂಕಕ್ಕಾ, ಕಲಿಯಲಿಕ್ಕಾ, ಅಥವಾ ಸುಮ್ನೆ ಒಮ್ಮೆ ವಿದೇಶ ನೋಡಲಿಕ್ಕಾ? (ಕೊನೆಯದ್ದು ತಪ್ಪೇನಲ್ಲ, ಆದರೆ ಅದನ್ನು ಒಪ್ಪಿಕೊಂಡರೆ ಅದೇ ದುಡ್ಡಿಗೆ ಮನೆಯವರನ್ನೂ ಕರೆದುಕೊಂಡು ಹೋಗುವ ಒಳ್ಳೇ ದಾರಿಗಳಿವೆ.) ಯಾರ ದುಡ್ಡು? ಎಷ್ಟು ದಿನ ರಜೆ, ಎಷ್ಟು ಕಾಗದಪತ್ರ? ಇವೆಲ್ಲದಕ್ಕಿಂತ ದೊಡ್ಡ ಪ್ರಶ್ನೆ, ಅಲ್ಲಿಗೆ ಯಾರು ಬರುತ್ತಾರೆ? ಕಾರ್ಯಕ್ರಮದ ಪಟ್ಟಿ ಅಥವಾ ಕಳೆದ ಸಲದ ಪಟ್ಟಿ ತೆಗೆದು ಮೂರು ಹೆಸರು ಬರೆಯಿರಿ. ನೀವು ಅವರ ಕೆಲಸ ಓದಿರಬೇಕು, ಅವರಿಗೆ ನಿಮ್ಮ ಕೆಲಸದಲ್ಲಿ ಆಸಕ್ತಿ ಹುಟ್ಟಲು ಒಂದು ಕಾರಣ ಇರಬೇಕು. ಮೂರು ಹೆಸರು ಸಿಗದಿದ್ದರೆ ಆ ಸಮ್ಮೇಳನ ಸ್ವರ್ಗದಲ್ಲೇ ನಡೆದರೂ ನಿಮಗೆ ಸದ್ಯಕ್ಕೆ ಬೇಡ.

ನಾನು ಎರಡನೇ ಸಲ ಎಡವಿದ್ದು ಇಲ್ಲೇ. ದೊಡ್ಡ ಸಮ್ಮೇಳನ, ಒಟ್ಟೊಟ್ಟಿಗೆ ಹದಿನೈದು ಕೋಣೆಗಳಲ್ಲಿ ಗೋಷ್ಠಿ. ನನ್ನ ಕೋಣೆಯಲ್ಲಿ ಅಧ್ಯಕ್ಷರನ್ನು ಬಿಟ್ಟರೆ ನಾಲ್ಕು ಜನ, ಅದರಲ್ಲಿ ಇಬ್ಬರು ನನ್ನ ನಂತರ ಓದಬೇಕಾದವರು, ತಮ್ಮ ಸ್ಲೈಡ್ ತಿದ್ದುತ್ತಿದ್ದರು. ಹದಿನೈದು ನಿಮಿಷ ಓದಿ, ಚಪ್ಪಾಳೆ ತೆಗೆದುಕೊಂಡು, ಸಂಜೆ ಚಾಕಲೇಟು ಖರೀದಿ ಮಾಡಿ ಬಂದೆ. ಯಾರು ಬರುತ್ತಾರೆ ಅಂತ ನೋಡಿಯೇ ಇರಲಿಲ್ಲ.

ಮೊದಲ ಸಲ ಹಾಗಲ್ಲ. ಅಲ್ಲೂ ಕೋಣೆಯಲ್ಲಿ ಏಳೇ ಜನ. ಆದರೆ ಒಬ್ಬರಿಗೆ ಮೊದಲೇ ಮೇಲ್ ಹಾಕಿದ್ದೆ, ಅವರು ಬಂದು ಕೂತಿದ್ದರು. ರಾತ್ರಿ ಊಟದ ಸಾಲಿನಲ್ಲಿ ಅವರು ಕೇಳಿದ ಪ್ರಶ್ನೆ: "ಏಳು ಭಾಷೆಯ ಊರು ಅಂತೀರಲ್ಲ, ನಿಮ್ಮ ಮನೆಯಲ್ಲಿ ಬೈಯುವುದು ಯಾವ ಭಾಷೆಯಲ್ಲಿ?" ನಾನು ನಕ್ಕೆ. ಆಮೇಲೆ ಯೋಚನೆ ಮಾಡಿದೆ. ಮಕ್ಕಳಿಗೆ ಕನ್ನಡದಲ್ಲಿ ಬೈಯುತ್ತೇವೆ, ತೋಟದ ಕೆಲಸದ ವಿಷಯಕ್ಕೆ ತುಳು, ಬಸ್ಸಿನಲ್ಲಿ ಜಗಳ ಬಂದರೆ ಮಲಯಾಳ ತಾನಾಗಿ ಬಾಯಿಗೆ ಬರುತ್ತದೆ. ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ನೂರು ಸಲ ಹೇಳಿದವನಿಗೆ ಇದೊಂದು ಸಂಶೋಧನೆಯ ವಿಷಯ ಅಂತ ಹೊಳೆದೇ ಇರಲಿಲ್ಲ. ಅಲ್ಲಿಂದ ಇಬ್ಬರೂ ಸೇರಿ ಒಂದು ಲೇಖನ ಬರೆದೆವು, ಈಗ ಎರಡನೆಯದ್ದು ನಡೆಯುತ್ತಿದೆ.

ಇದು ನನ್ನೊಬ್ಬನ ಅದೃಷ್ಟದ ಕತೆ ಅಂತ ತಳ್ಳಿಹಾಕಬೇಡಿ. 2012ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಸಂಘದ ವಾರ್ಷಿಕ ಸಮ್ಮೇಳನ ನ್ಯೂ ಓರ್ಲಿಯನ್ಸ್‌ನಲ್ಲಿ ನಡೆಯಬೇಕಿತ್ತು. ಐಸಾಕ್ ಚಂಡಮಾರುತ ಬಂದು ಕೊನೇ ಗಳಿಗೆಯಲ್ಲಿ ರದ್ದಾಯಿತು. ಪೇಪರುಗಳೆಲ್ಲ ಆಯ್ಕೆಯಾಗಿದ್ದವು, ಓದಲು ಮಾತ್ರ ಆಗಲಿಲ್ಲ. ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನೇ ಹಿಡಿದು, ಓದಿದ ವರ್ಷದ ಪೇಪರುಗಳಿಗೂ ಓದದ ವರ್ಷದವಕ್ಕೂ ಆಮೇಲೆ ಏನಾಯಿತು ಅಂತ ಹೋಲಿಸಿದರು. ಸಮ್ಮೇಳನದಲ್ಲಿ ಓದಿದವು ಹೆಚ್ಚು ಜನರ ಕಣ್ಣಿಗೆ ಬಿದ್ದಿದ್ದವು. ಅದರಲ್ಲೂ ಹೊಸಬರಿಗೆ, ಅಷ್ಟೇನೂ ಹೆಸರಿಲ್ಲದ ವಿಶ್ವವಿದ್ಯಾಲಯಗಳವರಿಗೆ ಲಾಭ ಜಾಸ್ತಿ. ನಮಗೆ ಮುಖ್ಯ ಆ ಕೊನೆಯ ಮಾತು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಇರುವವರ ವರಾಂಡದಲ್ಲೇ ಹೊರದೇಶದ ಪ್ರೊಫೆಸರುಗಳು ಓಡಾಡುತ್ತಾರೆ. ಮಂಜೇಶ್ವರದ ಕಾಲೇಜಿಗೆ ಯಾರು ದಾರಿ ತಪ್ಪಿ ಬರುತ್ತಾರೆ? ಆದ್ದರಿಂದ ನಮ್ಮಂಥ ಊರಿನವರಿಗೆ ಹೋಗುವುದರ ಬೆಲೆ ಒಂದು ಕೈ ಹೆಚ್ಚೇ. ಆದರೆ ಗಮನಿಸಿ, ಆ ಅಧ್ಯಯನ ಒಳ್ಳೇ ಸಮ್ಮೇಳನಗಳ ಬಗ್ಗೆ, ಕಂಡಕಂಡ ಸಮ್ಮೇಳನಗಳ ಬಗ್ಗೆ ಅಲ್ಲ.

ಈಗ ಒಂದೊಂದಾಗಿ ನೋಡೋಣ.

ದೂರದ ವಿದೇಶ

ಮೊದಲು ದುಡ್ಡು. ನನ್ನ ಎರಡನೇ ಪ್ರಯಾಣದ ಲೆಕ್ಕ ಡೈರಿಯಲ್ಲಿದೆ. ವಿಮಾನ 70 ಸಾವಿರ, ರಿಜಿಸ್ಟ್ರೇಶನ್ 25 ಸಾವಿರ, ವೀಸಾ ಮತ್ತು ವಿಮೆ ಸೇರಿ 14 ಸಾವಿರ, ಐದು ರಾತ್ರಿಯ ವಸತಿ 40 ಸಾವಿರ, ಊಟ, ಟ್ರಾಮು, ಕಾಫಿ 15 ಸಾವಿರ, ವೀಸಾಕ್ಕಾಗಿ ಕೊಚ್ಚಿಗೆ ಹೋಗಿಬಂದದ್ದು, ಏರ್‌ಪೋರ್ಟಿನ ಟ್ಯಾಕ್ಸಿ ಎಲ್ಲ ಸೇರಿ 6 ಸಾವಿರ. ಒಟ್ಟು 1 ಲಕ್ಷದ 70 ಸಾವಿರ. ಬೆಳಗಿನ ತಿಂಡಿ ಸಿಗುವ ಹೋಟೆಲು ಹಿಡಿದು, ಮಧ್ಯಾಹ್ನ ಸಮ್ಮೇಳನದ ಊಟ ಮಾಡಿ, ರಾತ್ರಿ ಕೋಣೆಯಲ್ಲಿ ಅವಲಕ್ಕಿ ತಿಂದೂ ಇಷ್ಟಾಯಿತು. ಕಾರ್ಡ್ ಉಜ್ಜಿದರೆ ಬ್ಯಾಂಕು ವಿದೇಶಿ ವಹಿವಾಟಿನ ಶುಲ್ಕ ಅಂತ ಬೇರೆ ಹಿಡಿಯುತ್ತದೆ, ಅದನ್ನೂ ಲೆಕ್ಕದಲ್ಲಿಡಿ.

ಕಾಗದಪತ್ರ ಇನ್ನೊಂದು ಪುರಾಣ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯುರೋ ಆಗಿದೆ, ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಕನಿಷ್ಠ 30,000 ಯುರೋ ಮೊತ್ತದ ಪ್ರಯಾಣ ವಿಮೆ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವ ಹಾಗಿಲ್ಲ. ಆದರೆ 15 ದಿನ ಅನ್ನುವುದು ಪುಸ್ತಕದ ಮಾತು, ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟೇ ಸಿಗುವುದಿಲ್ಲ. ಅಮೆರಿಕಕ್ಕಾದರೆ ಅರ್ಜಿ ಶುಲ್ಕವೇ 185 ಡಾಲರ್. ಸಂದರ್ಶನಕ್ಕೆ ನಮ್ಮ ಕಡೆಯವರು ಸಾಮಾನ್ಯವಾಗಿ ಚೆನ್ನೈಗೆ ಹೋಗುತ್ತಾರೆ. ಮಧ್ಯಾಹ್ನ ಮೇಲ್ ಗಾಡಿ ಹತ್ತಿದರೆ ಬೆಳಿಗ್ಗೆ ಅಲ್ಲಿ, ಅದು ಸುಲಭ. ತಾರೀಕು ಸಿಗುವುದೇ ಕಷ್ಟ.

ನಮ್ಮೂರಿಗೇ ವಿಶೇಷವಾದ ಎರಡು ತೊಂದರೆ ಹೇಳುತ್ತೇನೆ. ಒಂದು ಇನಿಷಿಯಲ್. ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಮನೆಹೆಸರು ಬಿಡಿಸಿ ಬರೆದ ಇನ್ನೊಂದು, ಸಮ್ಮೇಳನಕ್ಕೆ ಕಳಿಸಿದ ಅಬ್‌ಸ್ಟ್ರಾಕ್ಟಿನಲ್ಲಿ (ಪೇಪರಿನ ಸಾರಾಂಶದಲ್ಲಿ) ಮೂರನೆಯದು. ಆಮಂತ್ರಣ ಪತ್ರ ತರಿಸುವಾಗಲೇ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಹೆಸರು ಹಾಕಿಸಿಕೊಳ್ಳಿ, ಆಮೇಲೆ ಅಫಿಡವಿಟ್ಟು ಹಿಡಿದುಕೊಂಡು ಅಲೆಯುವುದು ತಪ್ಪುತ್ತದೆ. ಎರಡನೆಯದು ನಮ್ಮ ಗಲ್ಫ್ ಬುದ್ಧಿ. ಮಂಗಳೂರಿನಿಂದ ದುಬೈಗೆ ಕಡಿಮೆ ದರದ ಟಿಕೆಟು, ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯ ಇನ್ನೊಂದು ಟಿಕೆಟು ಅಂತ ಯಾರಾದರೂ ಭಾವ ಸಲಹೆ ಕೊಟ್ಟೇ ಕೊಡುತ್ತಾರೆ. ಎರಡು ಬೇರೆ ಟಿಕೆಟ್ ಅಂದರೆ ನಿಮ್ಮ ಬ್ಯಾಗು ದುಬೈಯಲ್ಲೇ ಇಳಿಯಬಹುದು. ಅದನ್ನು ತೆಗೆಯಲು ಹೊರಗೆ ಬರಬೇಕು, ಹೊರಗೆ ಬರಲು ವೀಸಾ ಬೇಕು. ಉಳಿದ ಐದು ಸಾವಿರ ಅಲ್ಲೇ ಕರಗುತ್ತದೆ. ಕೊನೆಯ ಊರಿನವರೆಗೂ ಒಂದೇ ಟಿಕೆಟ್ ಮಾಡಿ, ಬೆಂಗಳೂರಿನಿಂದಾದರೂ ಸರಿ, ಕೊಚ್ಚಿಯಿಂದಾದರೂ ಸರಿ.

ಸರ್ಕಾರಿ ಸಂಬಳದವರಾದರೆ ಎನ್‌ಒಸಿ, ಅಂದರೆ ಹೋಗಲು ಅಡ್ಡಿಯಿಲ್ಲ ಅನ್ನುವ ಇಲಾಖೆಯ ಪತ್ರ, ಮರೆಯಬೇಡಿ. ನನ್ನದು ಒಂದು ಕಚೇರಿಯ ಮೇಜಿನ ಮೇಲೆ ಐದು ವಾರ ಮಲಗಿತ್ತು, ಎಬ್ಬಿಸಲು ಮೂರು ಸಲ ಹೋಗಬೇಕಾಯಿತು.

ಇಷ್ಟೆಲ್ಲ ಆದಮೇಲೂ ಹೋಗಬೇಕಾದವರು ಯಾರು? ಪಿಎಚ್‌ಡಿ ಮುಗಿಯುವ ಹಂತದಲ್ಲಿದ್ದು ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ಸಂಶೋಧನೆಯ ಕೆಲಸ) ಹುಡುಕುವವರು. ಇವರಿಗೆ ಇದಕ್ಕಿಂತ ಒಳ್ಳೇ ಹೂಡಿಕೆ ಇಲ್ಲ ಅಂತ ನನ್ನ ಅಭಿಪ್ರಾಯ, ಆದರೆ ಸ್ವಂತ ದುಡ್ಡಿನಲ್ಲಿ ಅಲ್ಲ. ವಿಜ್ಞಾನದವರಿಗೆ ಸಂಶೋಧನೆಗೆ ದುಡ್ಡು ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಎಎನ್‌ಆರ್‌ಎಫ್ ಇದೆ, ಮೊದಲು ಎಸ್‌ಇಆರ್‌ಬಿ ಅಂತ ಇದ್ದದ್ದು. ಹೊರದೇಶದ ಪ್ರಯಾಣಕ್ಕೆ ನೆರವು ಕೊಡುವ ಯೋಜನೆ ಅಲ್ಲಿಂದಲೇ ಬಂದದ್ದು. ಸಿಎಸ್‌ಐಆರ್‌ನಲ್ಲೂ ಕೇಳಿ. ಇಂಥ ಕಡೆ ದುಡ್ಡು ಸಾಮಾನ್ಯವಾಗಿ ಹೋಗಿಬಂದ ಮೇಲೆ ಬರುತ್ತದೆ, ಮೊದಲು ಕೈಯಿಂದ ಹಾಕಬೇಕು, ಬೋರ್ಡಿಂಗ್ ಪಾಸ್ ಜೋಪಾನ. ತುಂಬಾ ಜನ ಬಿಟ್ಟುಬಿಡುವ ಇನ್ನೊಂದು ವಿಷಯ: ಹಲವು ಅಂತರರಾಷ್ಟ್ರೀಯ ಸಂಘಗಳು ವಿಶ್ವಬ್ಯಾಂಕಿನ ಪಟ್ಟಿ ನೋಡಿ ಕಡಿಮೆ ಆದಾಯದ ದೇಶದವರಿಗೆ ಶುಲ್ಕ ಇಳಿಸುತ್ತವೆ. ಭಾರತ ಆ ಪಟ್ಟಿಯಲ್ಲಿ ಕೆಳಮಧ್ಯಮ ಆದಾಯದ ದೇಶ. ವೆಬ್‌ಸೈಟಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇಲ್ಲದಿದ್ದರೆ ಮೇಲ್ ಹಾಕಿ ಕೇಳಿ, ಕೇಳಿದರೆ ನಷ್ಟ ಏನು?

ಹತ್ತಿರದ ವಿದೇಶ

ಇದನ್ನು ನಮ್ಮವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ವಿದೇಶ ಅಂದರೆ ಚಳಿ ಇರಬೇಕು ಅನ್ನುವ ಹಾಗೆ. ನನಗೆ ಮಾತ್ರ ನಾಲ್ಕರಲ್ಲಿ ಹೆಚ್ಚು ಜನರಿಗೆ ಹೊಂದುವ ದಾರಿ ಇದೇ ಅನ್ನಿಸುತ್ತದೆ.

ಉದಾಹರಣೆಗೆ ಏಷ್ಯಾ ಅಧ್ಯಯನದ ದೊಡ್ಡ ಸಂಘದವರು ಏಷ್ಯಾದಲ್ಲೇ ನಡೆಸುವ ಸಮ್ಮೇಳನ 2024ರಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ, 2025ರಲ್ಲಿ ಕಠ್ಮಂಡುವಿನಲ್ಲಿ ಆಯಿತು. ಕಠ್ಮಂಡುವಿಗೆ ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ಸಾಕು (ಆಧಾರ್ ನಡೆಯುವುದಿಲ್ಲ, ಎಚ್ಚರ). ದಕ್ಷಿಣ ಏಷ್ಯಾದ ಬಗ್ಗೆ ಕೆಲಸ ಮಾಡುವ ಯುರೋಪು, ಅಮೆರಿಕದ ಪ್ರೊಫೆಸರುಗಳು ಇಂಥಲ್ಲಿಗೆ ಬರುತ್ತಾರೆ. ಅದೇ ಜನರನ್ನು ನೋಡಲು 2025ರಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ಯುರೋಪಿಯನ್ ಸಮ್ಮೇಳನ ನಡೆದ ಹೈಡೆಲ್‌ಬರ್ಗಿಗೋ, ಪ್ರತಿ ವರ್ಷ ಅಕ್ಟೋಬರಿನಲ್ಲಿ ಇಂಥದೇ ಸಮ್ಮೇಳನ ನಡೆಯುವ ಅಮೆರಿಕದ ಮ್ಯಾಡಿಸನ್ನಿಗೋ ಹೋಗಬಹುದು, ಖರ್ಚು ಮಾತ್ರ ಮೂರು ಪಾಲು. ಕಠ್ಮಂಡುವಿಗೆ ಹೋಗಿಬಂದ ನನ್ನ ಸಹೋದ್ಯೋಗಿಗೆ ಎಲ್ಲ ಸೇರಿ 55 ಸಾವಿರ ಆಯಿತು. ಅದರಲ್ಲಿ ಒಂದು ರುದ್ರಾಕ್ಷಿ ಮಾಲೆಯೂ ಸೇರಿತ್ತು, ಅದನ್ನು ನಾನು ಲೆಕ್ಕದಿಂದ ತೆಗೆದಿಲ್ಲ.

ತೆಂಗು, ಅಡಿಕೆ, ಸಾಂಬಾರ ಬೆಳೆಗಳ ಕಡೆಯವರಿಗಂತೂ ಅವರ ಲೋಕ ಇರುವುದೇ ಪೂರ್ವಕ್ಕೆ. ಅಂತರರಾಷ್ಟ್ರೀಯ ತೆಂಗು ಸಮುದಾಯದ ಕಚೇರಿ ಜಕಾರ್ತಾದಲ್ಲಿದೆ. ಅವರ ಕೊಕೊಟೆಕ್ ಸಮ್ಮೇಳನ 2022ರಲ್ಲಿ ಕೌಲಾಲಂಪುರದಲ್ಲಿ, 2024ರಲ್ಲಿ ಇಂಡೋನೇಷ್ಯಾದ ಸುರಬಯದಲ್ಲಿ ನಡೆಯಿತು. ಮಲೇಷ್ಯಾಕ್ಕೆ 2026ರ ಕೊನೆಯವರೆಗೆ ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ಇದೆ, ಹೊರಡುವ ಮುಂಚೆ ಮತ್ತೊಮ್ಮೆ ನೋಡಿಕೊಳ್ಳಿ. ಪ್ಯಾರಿಸಿನಲ್ಲಿ ತೆಂಗಿನ ಬಗ್ಗೆ ಮಾತಾಡಿದರೆ ಕುತೂಹಲದಿಂದ ಕೇಳುತ್ತಾರೆ, ಸುರಬಯದಲ್ಲಿ ಮಾತಾಡಿದರೆ ತಪ್ಪು ಹಿಡಿಯುತ್ತಾರೆ. ಸಂಶೋಧಕರಿಗೆ ಬೇಕಾದ್ದು ಎರಡನೆಯದು.

ಇದರ ಕೊರತೆಯೂ ಉಂಟು. ಇಂಥ ಊರುಗಳ ಹೆಸರಲ್ಲೇ ಸುಳ್ಳು ಸಮ್ಮೇಳನಗಳೂ ಜಾಸ್ತಿ. "ನಿಮ್ಮ ಅಮೋಘ ಲೇಖನ ಓದಿ ಸಂತೋಷವಾಯಿತು, ಬ್ಯಾಂಕಾಕಿಗೆ ಮುಖ್ಯ ಭಾಷಣಕಾರರಾಗಿ ಬನ್ನಿ" ಅಂತ ಮೇಲ್ ಬಂದರೆ, ಒಂದೇ ಸಭಾಂಗಣದಲ್ಲಿ ದಂತವೈದ್ಯಕ್ಕೂ ಕನ್ನಡ ಸಾಹಿತ್ಯಕ್ಕೂ ಜಾಗ ಇದ್ದರೆ, ಅಬ್‌ಸ್ಟ್ರಾಕ್ಟ್ ಕಳಿಸಿದ ಮರುದಿನವೇ ಒಪ್ಪಿಗೆ ಬಂದರೆ, ಕೈಮುಗಿದು ಬಿಡಿ. ಹೈದರಾಬಾದಿನ ಓಮಿಕ್ಸ್ ಸಮೂಹದ ಮೇಲೆ ಅಮೆರಿಕದ ವ್ಯಾಪಾರ ಆಯೋಗ ಹಾಕಿದ ಕೇಸಿನಲ್ಲಿ 2019ರಲ್ಲಿ 5 ಕೋಟಿ ಡಾಲರಿಗೂ ಹೆಚ್ಚು ಕಟ್ಟಲು ನ್ಯಾಯಾಲಯ ಹೇಳಿತು. ನಕಲಿ ಪತ್ರಿಕೆಗಳ ಜೊತೆಗೆ, ಬರುತ್ತೇನೆ ಅಂತ ಒಪ್ಪದ ವಿದ್ವಾಂಸರ ಹೆಸರನ್ನೂ ಸಮ್ಮೇಳನದ ಪ್ರಚಾರಕ್ಕೆ ಬಳಸಿದರು ಅನ್ನುವುದು ಅಲ್ಲಿನ ಒಂದು ಆರೋಪ. ಮೂರು ಹೆಸರಿನ ಪರೀಕ್ಷೆ ಇಲ್ಲೂ ಕೆಲಸಕ್ಕೆ ಬರುತ್ತದೆ: ಆ ಮೂವರಿಗೇ ಮೇಲ್ ಹಾಕಿ, ನೀವು ನಿಜವಾಗಿ ಬರುತ್ತೀರಾ ಅಂತ ಕೇಳಿ.

ನಮ್ಮ ದೇಶದಲ್ಲೇ

ಮೈಸೂರು, ಬೆಂಗಳೂರು, ತಿರುವನಂತಪುರ, ದ್ರಾವಿಡ ವಿಶ್ವವಿದ್ಯಾಲಯ ಇರುವ ಕುಪ್ಪಂ. ದ್ರಾವಿಡ ಭಾಷೆಗಳ ಕೆಲಸ ಮಾಡುವವರಿಗೆ ನಿಜವಾದ ಜಗಳಗಂಟಿಗಳು ಸಿಗುವುದು ಇಲ್ಲೇ, ಹೈಡೆಲ್‌ಬರ್ಗಿನಲ್ಲಿ ಅಲ್ಲ. ಹಳಗನ್ನಡದ ಒಂದು ಪ್ರತ್ಯಯದ ಬಗ್ಗೆ ಮುಕ್ಕಾಲು ಗಂಟೆ ಬೈಸಿಕೊಳ್ಳುವ ಭಾಗ್ಯ ಇನ್ನೆಲ್ಲೂ ಇಲ್ಲ. ತೋಟದ ಬೆಳೆಗಳವರಿಗೆ ಪ್ಲಾಕ್ರೋಸಿಮ್ ಅನ್ನುವ ಸಮ್ಮೇಳನ ಇದೆ, ಅದರ ಹಿಂದಿರುವ ಸಂಘದ ನೆಲೆ ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐಯೇ. 1916ರಲ್ಲಿ ತೆಂಗು ಸಂಶೋಧನೆ ಶುರುವಾದ ಜಾಗ, ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರ. ಅಲ್ಲಿಗೆ ಒಮ್ಮೆಯೂ ಹೋಗದೆ ಬ್ರೆಜಿಲ್ಲಿಗೆ ಅರ್ಜಿ ಹಾಕಿದವರನ್ನು ನಾನು ಕಂಡಿದ್ದೇನೆ.

ಖರ್ಚು ಎಂಟು ಹತ್ತು ಸಾವಿರ. ಮೊದಲ ಪೇಪರ್ ಓದುವವರು, ಇನ್ನೂ ವಿಷಯ ಗಟ್ಟಿಯಾಗದವರು ಕಣ್ಣು ಮುಚ್ಚಿ ಇದನ್ನೇ ಆರಿಸಿ. ಹೊರಗೆ ಹೋಗುವ ಮೊದಲು ಪೇಪರಿನ ತೂತುಗಳೆಲ್ಲ ಇಲ್ಲೇ ಗೊತ್ತಾಗಲಿ. ಒಂದೇ ಬೇಸರ, ಹಲವು ಕಡೆ ಉದ್ಘಾಟನೆ, ಶಾಲು, ಸ್ಮರಣಿಕೆಗಳಲ್ಲೇ ಮಧ್ಯಾಹ್ನ ಆಗುತ್ತದೆ. ಆಮೇಲೆ "ಸಮಯದ ಅಭಾವದಿಂದ" ನಿಮಗೆ ಐದು ನಿಮಿಷ.

ಸಾಫ್ಟ್‌ವೇರಿನವರಿಗೆ ಇದು ಇನ್ನೂ ಸುಲಭ. 2009ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವವರ ಪೈಕಾನ್ ಇಂಡಿಯಾ ಇದೆ. ಹೊರದೇಶದಲ್ಲೇ ನಡೆಯುತ್ತಿದ್ದ ಕ್ಯೂಬ್‌ಕಾನ್ ಅನ್ನುವ ದೊಡ್ಡ ಸಾಫ್ಟ್‌ವೇರ್ ಸಮ್ಮೇಳನ ಕೂಡ 2024ರ ಡಿಸೆಂಬರಿನಲ್ಲಿ ದೆಹಲಿಗೇ ಬಂತು.

ಆನ್‌ಲೈನ್

ಇದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಕೇಳಿ ಕಲಿಯುವುದಕ್ಕೆ ಚೆನ್ನಾಗಿದೆ, ಜನರನ್ನು ಕಾಣುವುದಕ್ಕೆ ಅಲ್ಲ. ಅಮೆರಿಕದ ಮಧ್ಯಾಹ್ನ ಅಂದರೆ ನಮ್ಮ ನಡುರಾತ್ರಿ. ಆಟಿಯ ಮಳೆಗೆ ಕರೆಂಟು ಹೋದರೆ ನಿಮ್ಮ ಪೇಪರು ಎರಡನೇ ಸ್ಲೈಡಿನಲ್ಲೇ ಮುಗಿಯಿತು. ಆದರೆ ಒಂದು ಉಪಾಯ ಇದೆ. ಈ ವರ್ಷ ಆನ್‌ಲೈನಿನಲ್ಲಿ ಕೂತು ಯಾರು ಹೇಗೆ ಮಾತಾಡುತ್ತಾರೆ ನೋಡಿ, ಮುಂದಿನ ವರ್ಷದ ಮೂರು ಹೆಸರು ಅಲ್ಲಿಂದಲೇ ಹೆಕ್ಕಿಕೊಳ್ಳಿ.

ಹಾಗಾದರೆ ಆ ಮೂವರಿಗೆ ನಾನು ಹೇಳಿದ್ದೇನು?

ಮೇಷ್ಟ್ರಿಗೆ ಅಂಕ ಬೇಕಿತ್ತು, ಅಷ್ಟೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪಟ್ಟಿ ತೆಗೆದು ತೋರಿಸಿದೆ. ಹೊರದೇಶದಲ್ಲಿ ಪೇಪರ್ ಓದಿದರೆ 7, ನಮ್ಮ ದೇಶದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ 5, ರಾಷ್ಟ್ರೀಯಕ್ಕೆ 3. ಭಾಷೆ, ಮಾನವಿಕ ವಿಷಯಗಳಲ್ಲಿ ಒಂದು ಒಳ್ಳೇ ಪತ್ರಿಕೆಯಲ್ಲಿ ಲೇಖನ ಬಂದರೆ 10. ಅಂದರೆ 7 ಮತ್ತು 5ರ ನಡುವಿನ ಎರಡು ಅಂಕಕ್ಕೆ ನೀವು ಒಂದೂವರೆ ಲಕ್ಷ ಕೊಡುತ್ತಿದ್ದೀರಿ ಮೇಷ್ಟ್ರೇ, ಅಂತ ಹೇಳಿದೆ. ಅದಕ್ಕೂ ಮೊದಲು ನಿಮ್ಮ ಹಂತದ ಪ್ರಮೋಷನ್ನಿಗೆ ಈ ಸ್ಕೋರು ಬೇಕಾ ಇಲ್ವಾ ಅಂತ ನೋಡಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ಲ ಮಾರಾಯ್ರೆ, ಮನೆಯಲ್ಲಿ ಸೂಟ್‌ಕೇಸ್ ತೆಗೆದುಕೊಂಡಾಗಿದೆ" ಅಂದರು. ಹಾಗಾದರೆ ಹೋಗಿ ಬನ್ನಿ, ಪ್ರವಾಸ ಅಂತಲೇ ಹೋಗಿ.

ಬದಿಯಡ್ಕದ ಹುಡುಗನಿಗೆ ಬಂದದ್ದು ಬ್ರಸೆಲ್ಸಿನಲ್ಲಿ ನಡೆಯುವ ಮುಕ್ತ ತಂತ್ರಾಂಶದವರ ಸಮ್ಮೇಳನ ಫಾಸ್ಡೆಮ್‌ಗೆ ಹೋಗುವ ಆಸೆ. ಅಲ್ಲಿ ಪ್ರವೇಶ ಉಚಿತ, ರಿಜಿಸ್ಟ್ರೇಶನ್ನೂ ಬೇಡ, ಆದರೆ ಬ್ರಸೆಲ್ಸ್ ಉಚಿತ ಅಲ್ಲ. ಮಾತುಗಳ ವಿಡಿಯೋ ಆಮೇಲೆ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಕಲಿಯಲಿಕ್ಕೆ ಅಂತಾದರೆ ಜಗಲಿಯೇ ಸಾಕು. ಆದರೆ ಅವನು ಎರಡು ವರ್ಷದಿಂದ ಒಂದು ಮುಕ್ತ ತಂತ್ರಾಂಶಕ್ಕೆ ಕೋಡ್ ಕೊಡುತ್ತಿದ್ದಾನೆ, ಅದನ್ನು ನಡೆಸುವವರಲ್ಲಿ ಯಾರನ್ನೂ ಮುಖತಃ ಕಂಡಿಲ್ಲ, ಅವರೆಲ್ಲ ಫೆಬ್ರವರಿಯಲ್ಲಿ ಅಲ್ಲಿ ಸೇರುತ್ತಾರೆ. ಮೂರಲ್ಲ, ಎಂಟು ಹೆಸರು ಹೇಳಿದ. ಕಂಪನಿಯ ಹತ್ತಿರ ಅರ್ಧ ದುಡ್ಡು ಕೇಳು, ಉಳಿದದ್ದು ನಿನ್ನದು ಹಾಕು, ಹೋಗು ಅಂದೆ. ಸ್ವೆಟರ್ ನನ್ನದೇ ಕೊಟ್ಟಿದ್ದೇನೆ.

ಪೆರಿಯದ ಹುಡುಗಿಯದ್ದು ಕಷ್ಟದ ಲೆಕ್ಕ. ಯುರೋಪಿನ ಸಮ್ಮೇಳನ, ಪೇಪರ್ ಓದಲು ಅಲ್ಲ, ಪೋಸ್ಟರ್ ಹಾಕಿ ವಿವರಿಸಲು ಒಪ್ಪಿದ್ದಾರೆ, ಅರ್ಧ ಖರ್ಚಿಗೆ ನೆರವು ಸಿಗಬಹುದು, ಉಳಿದರ್ಧಕ್ಕೆ ಅವಳಪ್ಪ ಅಡಿಕೆ ಮಾರುವ ಮಾತಾಡುತ್ತಿದ್ದರು. ಪಟ್ಟಿ ನೋಡಿ ಮೂವರಿಗೆ ಮೇಲ್ ಹಾಕು, ಅಡಿಕೆ ಅಷ್ಟರವರೆಗೆ ಅಟ್ಟದಲ್ಲೇ ಇರಲಿ ಅಂದೆ. ಇಬ್ಬರ ಉತ್ತರ ಬಂತು. ಒಬ್ಬರು ಒಳ್ಳೆಯದಾಗಲಿ ಅಂತ ಎರಡು ಸಾಲು ಬರೆದಿದ್ದರು. ಇನ್ನೊಬ್ಬರು, ಅವಳು ನಿಜವಾಗಿ ಕಾಣಬೇಕಾಗಿದ್ದವರು, ಆ ಸಮ್ಮೇಳನಕ್ಕೆ ಈ ಸಲ ಹೋಗುತ್ತಿಲ್ಲವಂತೆ, ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಕಾರ್ಯಾಗಾರಕ್ಕೆ ಬರುತ್ತಾರಂತೆ, ನಿನ್ನ ಡೇಟಾ ತೆಗೆದುಕೊಂಡು ಬಾ, ಒಂದು ಗಂಟೆ ಕೂತು ನೋಡೋಣ ಅಂತ ಬರೆದಿದ್ದಾರೆ. ಕಣ್ಣೂರು–ಬೆಂಗಳೂರು ರೈಲಿನಲ್ಲಿ ಸ್ಲೀಪರ್ ಟಿಕೆಟ್ ಮಾಡಿದ್ದಾಳೆ, ವೇಟಿಂಗ್ ಲಿಸ್ಟ್ 14.